ಊರು ಕಲಿಸಿದ ಅಕ್ಕೋರು

ಮೊದಲ ಪಾಠದ ದಿನವೇ ಅಕ್ಕೋರು ನನ್ನನ್ನು ಬೆಳಗಾವಿಯ ಖಾಸಬಾಗದ ಸಂತೆಯ ನಡುವೆ ಬಿಟ್ಟು ಹೋದರು. ಕೈಗೆ ಬಿಳಿ ಕೋಲು ಕೊಟ್ಟರು, ಭುಜ ಹಿಡಿದು ಎರಡು ಸುತ್ತು ತಿರುಗಿಸಿದರು, "ಸರ್, ನಾ ಹೊಂಟೆ. ಸೆಂಟರಿಗೆ ಬರ್ರಿ, ಚಾ ಮಾಡಿರ್ತೀನಿ" ಅಂದರು. ಅವರ ಚಪ್ಪಲಿಯ ಸದ್ದು ನಾಲ್ಕು ಹೆಜ್ಜೆ ಕೇಳಿಸಿ ಗದ್ದಲದಲ್ಲಿ ಮುಳುಗಿತು.

ನನ್ನ ಕಣ್ಣು ಪೂರ್ತಿ ಹೋಗಿ ಆಗ ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಹೆಂಡತಿಯ ಕೈ ಬಿಟ್ಟು ನಾನು ಬಚ್ಚಲಿಗೂ ಹೋದವನಲ್ಲ. ಉಳ್ಳಾಗಡ್ಡಿಯ ಚೀಲಗಳ ನಡುವೆ ನಿಂತು ಮೊದಲು ಅವರನ್ನು ಕೂಗಿದೆ, ಆಮೇಲೆ ಬೈದೆ, ಕೊನೆಗೆ ಅತ್ತೆ. ಜನ ನನ್ನನ್ನು ಸರಿಸಿಕೊಂಡು ಹೋಗುತ್ತಿದ್ದರು. ಯಾರೋ ನನ್ನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟರು. ಆ ನಾಣ್ಯವೇ ನನ್ನನ್ನು ಅಲ್ಲಿಂದ ಹೊರಡಿಸಿತು ಅನ್ನಬೇಕು. ಕಣ್ಣಿಲ್ಲದವರಿಗೆ ನಡೆಯಲು ಕಲಿಸುವ ಆ ಸೆಂಟರ್ ಇದ್ದ ಓಣಿಯಲ್ಲಿ ವಿದ್ಯುತ್ ಮಗ್ಗಗಳಿದ್ದವು. ಬರುವಾಗ ಅವುಗಳ ಖಟಖಟ ಎಡಗಿವಿಗೆ ಕೇಳಿಸಿತ್ತೆಂಬುದು ನೆನಪಾಯಿತು. ಆ ಸದ್ದನ್ನು ಹುಡುಕುತ್ತ ಹೊರಟೆ. ದಾರಿ ತಪ್ಪಿದೆ, ಕೆಸರಿಗೆ ಕಾಲು ಹಾಕಿದೆ, ಬಾಳೆಹಣ್ಣು ಮಾರುವವಳ ಬುಟ್ಟಿ ಉರುಳಿಸಿ ಬೈಸಿಕೊಂಡೆ. ಸೆಂಟರಿನ ಮೆಟ್ಟಿಲು ಕೋಲಿಗೆ ತಾಗಿದಾಗ ನನ್ನ ಬೆನ್ನ ಹಿಂದೆಯೇ ಅವರ ದನಿ ಬಂತು.

"ನಾಲ್ಕು ಸಲ ತಪ್ಪಿದ್ರಿ. ಛಲೋ ಆತು. ಒಂದೂ ತಪ್ಪದ ಬಂದಿದ್ರ ಏನೂ ಕಲೀತಿರಲಿಲ್ಲ."

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಹತ್ತು ಹೆಜ್ಜೆ ಹಿಂದೆ ಅವರು ಇಡೀ ಹೊತ್ತು ನನ್ನ ಜೊತೆಗೇ ಬಂದಿದ್ದರು. ಚಹಾ ಇನ್ನೂ ಆಗಿರಲಿಲ್ಲ.

ಆ ಅಕ್ಕೋರು ಈ ಸಲ ಮಳೆ ಹಿಡಿಯುವ ಮೊದಲು ತೀರಿಕೊಂಡರು. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಅನ್ನುತ್ತಾರೆ, ನಾವೂ ಅನ್ನುತ್ತಿದ್ದೆವು. ಹೆಸರು ಬರೆಯುವುದು ಬೇಡವೆಂದು ಅವರ ತಂಗಿಯ ಮಗಳು ಕೇಳಿಕೊಂಡಿದ್ದಾಳೆ.

ಅವರ ಮುಖ ನಾನು ನೋಡಿದವನಲ್ಲ. ಹೆಂಡತಿಯನ್ನು ಕೇಳಿದರೆ, ಗಿಡ್ಡ ಹೆಂಗಸು, ಕೂದಲು ಬಿಗಿಯಾಗಿ ಕಟ್ಟಿರುತ್ತಿದ್ದರು, ಬಸ್ಸಿನಲ್ಲಿ ಎದುರು ಕೂತರೂ ಇಳಿದ ಮೇಲೆ ನೆನಪಿರದಂಥ ಮುಖ ಅಂದಳು. ನನಗೆ ಗೊತ್ತಿದ್ದದ್ದು ಹಲ್ಲಿಗೆ ಹಚ್ಚುತ್ತಿದ್ದ ತಂಬಾಕಿನ ಮಿಶ್ರಿಯ ವಾಸನೆ, ಸುಟ್ಟ ಇಟ್ಟಿಗೆಯಷ್ಟು ಒರಟಾದ ಅಂಗೈ, ಬಲಗಾಲಿನ ಚಪ್ಪಲಿಯ ಸಡಿಲ ಉಂಗುಟ. ಒಂದು ಹೆಜ್ಜೆ ಚಟ್ ಅಂದರೆ ಇನ್ನೊಂದು ಸರ್ ಅನ್ನುತ್ತಿತ್ತು. ಮಾತು ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದರೆ ಮರಾಠಿಗೆ ಹೊರಳುತ್ತಿತ್ತು. ತೀರ ಪ್ರೀತಿ ಬಂದಾಗಲೂ ಹಾಗೆಯೇ.

ಅವರು ಹುಟ್ಟಿದ್ದು ಜಾಂಬೋಟಿಯ ಆಚೆ, ಕಾಡಂಚಿನ ಐದಾರು ಮನೆಗಳ ಒಂದು ವಾಡಿಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಮಂಜು ಇಳಿದರೆ ಚಾಚಿದ ಕೈ ಕಾಣುವುದಿಲ್ಲವಂತೆ. ಒಂಬತ್ತು ವರ್ಷದವರಿದ್ದಾಗ ಎಮ್ಮೆ ಮೇಯಿಸಲು ಹೋಗಿ ಅಂಥ ಮಂಜಿನಲ್ಲಿ ಸಿಕ್ಕಿಕೊಂಡರು. ಬೇರೆ ಉಪಾಯ ಕಾಣದೆ ಮುದಿ ಎಮ್ಮೆಯ ಬಾಲ ಹಿಡಿದರು. ಎಮ್ಮೆ ಅವಸರ ಮಾಡಲಿಲ್ಲ. ಅಲ್ಲಲ್ಲಿ ನಿಂತು ನೆಲ ಮೂಸಿತು, ಹಳ್ಳದ ಸದ್ದಿನ ಕಡೆ ಕಿವಿ ತಿರುಗಿಸಿತು, ಗೊರಸಿಗೆ ಕಲ್ಲು ಹತ್ತಿದಲ್ಲಿ ಬಲಕ್ಕೆ ಹೊರಳಿತು, ಕೊಟ್ಟಿಗೆಗೆ ತಂದು ನಿಲ್ಲಿಸಿತು. ಅದೇ ಎಮ್ಮೆಯ ಕರುವೊಂದು ಕಾಲು ಮುರಿದುಕೊಂಡು ಒಂದು ವರ್ಷ ಗೂಟದಲ್ಲೇ ಬೆಳೆಯಿತು. ಕಾಲು ಕೂಡಿದ ಮೇಲೆ ಬಿಟ್ಟರೆ ಮನೆಯಿಂದ ಕೂಗಳತೆಯಲ್ಲೇ ದಾರಿ ತಪ್ಪಿ ಒದರುತ್ತಾ ನಿಂತಿತ್ತು.

"ಹುಟ್ಟಿದಾಗ ಯಾವ ಎಮ್ಮಿಗೂ ದಾರಿ ಗೊತ್ತಿರಂಗಿಲ್ಲ, ಸರ್. ತಾಯಿ ಹಿಂದ ನಡದು ಕಲೀತಾವು. ಕಟ್ಟಿ ಹಾಕಿದ್ದು ಕಲಿಯಂಗಿಲ್ಲ."

ಇದನ್ನು ಅವರು ಎಲ್ಲ ಹೊಸ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದರು. ಆದರೆ ಅಣ್ಣನ ಸಂಗತಿಯನ್ನು ನನಗೆ ಒಂದೇ ಸಲ ಹೇಳಿದರು. ಹದಿನಾಲ್ಕರ ವಯಸ್ಸಿಗೆ ಜ್ವರ ಬಂದು ಅವನ ಕಣ್ಣು ಹೋದವು. ಯಾರೂ ಅವನನ್ನು ಕಟ್ಟಿಹಾಕಲಿಲ್ಲ, ಬೈಯಲಿಲ್ಲ, ಉಪವಾಸ ಕೆಡವಲಿಲ್ಲ. ಪಡಸಾಲೆಯ ಒಂದು ಮೂಲೆಯಲ್ಲಿ ಕೂಡಿಸಿದರು, ಅಷ್ಟೆ. ಹತ್ತೊಂಬತ್ತು ವರ್ಷ ಅಲ್ಲಿಯೇ ಕೂತು ಸತ್ತ. ಅವನು ಈಜುತ್ತಿದ್ದ ಹಳ್ಳ ಮನೆಯ ಹಿಂದೆಯೇ ಹರಿಯುತ್ತಿತ್ತು. ಹೊರಗೆ ಕರೆದೊಯ್ಯಬೇಕೆಂದು ತನಗೂ ಹೊಳೆಯಲಿಲ್ಲ, ತಾನೂ ಅವನಿಗೆ ಅಲ್ಲಿಗೇ ಊಟದ ಗಂಗಾಳ ತಂದಿಟ್ಟು ಹೋಗುತ್ತಿದ್ದೆ ಅಂದರು. ಆಮೇಲೆ ಅವರು ಎಲ್ಲಿಯೋ ಅಂಧರ ವಸತಿನಿಲಯದಲ್ಲಿ ಆಯಾ ಆಗಿ ಸೇರಿ, ಅಲ್ಲಿಂದ ತರಬೇತಿಗೆ ಹೋಗಿ, ಖಾಸಬಾಗದ ಎರಡು ಕೋಣೆಯ ಈ ಸೆಂಟರಿಗೆ ಬಂದರು. ಮದುವೆ ಆಗಲಿಲ್ಲ.

ಪ್ರತಿ ನಡಿಗೆಯ ನಂತರ ಮೇಜಿನ ಮೇಲೆ ಆ ದಾರಿಯನ್ನು ಕಟ್ಟಿ ತೋರಿಸಬೇಕಿತ್ತು. ಬೆಂಕಿಕಡ್ಡಿ ಅಂದರೆ ರಸ್ತೆ, ಹುಣಸೆ ಬೀಜ ಅಂದರೆ ತಿರುವು, ಬಟ್ಟಲು ಅಂದರೆ ಸರ್ಕಲ್ಲು. ನಾನು ಇಟ್ಟ ಬೀಜವೊಂದು ತಪ್ಪಾಗಿದ್ದರೆ ಅವರು ಹೇಳುತ್ತಿರಲಿಲ್ಲ. ಮತ್ತೆ ಹೊರಗೆ ಕಳಿಸುತ್ತಿದ್ದರು. ಬೆಳಿಗ್ಗೆ ಎಡಗೆನ್ನೆಗೆ ಬಿಸಿಲು ಬಿದ್ದರೆ ದಕ್ಷಿಣಕ್ಕೆ ಹೊರಟಿದ್ದೇನೆಂದೂ, ಓಣಿ ಬಂದಲ್ಲಿ ಗಾಳಿ ಒಂದೇ ಕಿವಿಗೆ ಬಡಿಯುತ್ತದೆಂದೂ, ಗೋಡೆ ಹತ್ತಿರವಾದಂತೆ ನನ್ನ ಹೆಜ್ಜೆಯ ಸದ್ದು ಗಿಡ್ಡವಾಗುತ್ತದೆಂದೂ ಅವರಿಂದ ಕಲಿತೆ. ನಲವತ್ತು ವರ್ಷ ಕಣ್ಣಿದ್ದಾಗ ಇವು ಯಾವುವೂ ನನಗೆ ಗೊತ್ತಿರಲಿಲ್ಲ.

ಸೆಂಟರಿನ ಓಣಿಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದ ಒಂದು ಮುದಿ ನಾಯಿ ಇತ್ತು. ಮಗ್ಗದ ಶೆಡ್ಡಿನಿಂದ ಚಹಾದಂಗಡಿಗೆ ದಿನಾ ಸರಿಯಾದ ಹೊತ್ತಿಗೆ ಹೋಗಿ ಬರುತ್ತಿತ್ತು. ಒಮ್ಮೆ ಯಾರೋ ಅದರ ದಾರಿಗೆ ಅಡ್ಡ ಕೈಗಾಡಿ ನಿಲ್ಲಿಸಿದರು. ಮೊದಲ ದಿನ ಮೂಗು ಬಡಿಸಿಕೊಂಡಿತು, ಎರಡನೆಯ ದಿನ ಬಳಸಿ ಹೋಯಿತು. ವಾರದ ಮೇಲೆ ಕೈಗಾಡಿ ತೆಗೆದರೂ ಒಂದು ತಿಂಗಳು ಆ ಬಯಲನ್ನೇ ಬಳಸಿ ನಡೆಯಿತಂತೆ. ಅಕ್ಕೋರು ಇದನ್ನು ಹೇಳಿ ಬಹಳ ನಗುತ್ತಿದ್ದರು. ಕಲಿಯುವುದು ಬೇಗ ಆಗುತ್ತದೆ ಸರ್, ಕಲಿತದ್ದನ್ನು ಬಿಡುವುದೇ ತಡ ಅನ್ನುತ್ತಿದ್ದರು.

ನಾಲ್ಕು ತಿಂಗಳಲ್ಲಿ ನಾನು ಖಾನಾಪುರದಿಂದ ಪ್ಯಾಸೆಂಜರ್ ಗಾಡಿ ಹತ್ತಿ ಬೆಳಗಾವಿಗೆ ಒಬ್ಬನೇ ಬಂದು ಹೋಗುವಷ್ಟಾದೆ. ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಮಾಸ್ತರ. ಮತ್ತೆ ಕೆಲಸಕ್ಕೆ ಹೋಗುವ ಮೊದಲು ಅಕ್ಕೋರು ಮೂರು ವಾರ ನಮ್ಮೂರಿಗೆ ಬಂದು ಮನೆಯಿಂದ ಶಾಲೆಯ ತನಕದ ದಾರಿಯನ್ನು ನನ್ನ ಜೊತೆ ನಡೆದರು. ಹಿಟ್ಟಿನ ಗಿರಣಿ, ಹೆಂಚಿನ ಭಟ್ಟಿಯ ಹೊಗೆ, ಒಂದು ಹುಣಸೆಮರದ ನೆರಳಿನ ತಂಪು, ಆಮೇಲೆ ಶಾಲೆಯ ಕಬ್ಬಿಣದ ಗೇಟು. ಮೊದಲ ದಿನ ಒಬ್ಬನೇ ಗೇಟು ಮುಟ್ಟಿದಾಗ ಒಳಗಿನ ಮಕ್ಕಳು ಚಪ್ಪಾಳೆ ಹೊಡೆದರು. ನಾನು ಅತ್ತ ಎರಡನೆಯ ಸಲ ಅದು.

ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಇದು ಒಳ್ಳೆಯ ಬರಹವಾಗುತ್ತಿತ್ತು. ಆದರೆ ಸುಮಿತ್ರಾಳ ವಿಷಯ ಹೇಳದೆ ಅಕ್ಕೋರನ್ನು ಹೇಳಿದ ಹಾಗಾಗುವುದಿಲ್ಲ.

ಸುಮಿತ್ರಾ ಪೀರನವಾಡಿಯವಳು. ಸೆಂಟರಿಗೆ ಬಂದಾಗ ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಕಣ್ಣಿರಲಿಲ್ಲ, ತಾಯಿಯೂ ಇರಲಿಲ್ಲ. ತಂದೆ ಗೌಂಡಿ ಕೆಲಸದವರು. ದಿನಾ ಮೊಪೆಡ್ಡಿನ ಮೇಲೆ ಕೂಡಿಸಿಕೊಂಡು ಬಂದು ಬಿಟ್ಟು, ಮಧ್ಯಾಹ್ನ ಕೆಲಸ ಬಿಟ್ಟು ಮತ್ತೆ ಬಂದು ಕರೆದೊಯ್ಯುತ್ತಿದ್ದರು. ಒಂದು ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿ ಅವಳಿಗೆ ಕೆಲಸ ಕೊಡಿಸುವ ಮಾತು ನಡೆದಿತ್ತು. ಅದಕ್ಕೆ ಅವಳು ಒಬ್ಬಳೇ ಬಂದು ಹೋಗುವುದನ್ನು ಕಲಿಯಲೇಬೇಕು ಎಂದು ಅಕ್ಕೋರು ಅಂದರೆ ತಂದೆ ಒಪ್ಪಲಿಲ್ಲ. ಆಗ ಅಕ್ಕೋರು ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದರು, ನೋಡಿರಿ ಈ ಸರ್ ಖಾನಾಪುರದಿಂದ ಒಬ್ಬರೇ ಬರುತ್ತಾರೆ ಎಂದು ತೋರಿಸಲು.

ನಾನು ಉಬ್ಬಿಹೋಗಿದ್ದೆ. ರೈಲಿನ ಕತೆ, ಸಂತೆಯ ಕತೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಎದ್ದು ನಿಲ್ಲುತ್ತೇನೆ ಅಂದೆ. ಅವರಿಗೆ ನಗು ಬಂತು. ನಂತರ ಅಕ್ಕೋರ ಕಡೆ ತಿರುಗಿದರು. ಅಕ್ಕೋರು, "ಆಕಿ ನನ್ನ ಜವಾಬ್ದಾರಿ, ಅಣ್ಣಾ" ಅಂದರು. ಆ ಮಾತನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ತಂದೆ ಒಪ್ಪಿದರು. ಪೀರನವಾಡಿಯಿಂದ ಸೆಂಟರಿಗೆ ಬರುವ ಆ ಒಂದು ದಾರಿಯನ್ನು ಅಕ್ಕೋರು ಹನ್ನೊಂದು ವಾರ ಕಲಿಸಿದರು. ಬಸ್ಸಿನಿಂದ ಇಳಿದ ಮೇಲೆ ಸೆಂಟರಿನ ಓಣಿಯ ತನಕ ಕಾಲುದಾರಿ ಇರಲಿಲ್ಲ. ಗಾಡಿಗಳು ಮೈಗೆ ತಾಗುವಂತೆ ಹೋಗುತ್ತಿದ್ದವು. ಆದರೆ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಮಳೆನೀರಿನ ದೊಡ್ಡ ಗಟಾರವಿತ್ತು, ಅದರ ಮೇಲೆ ಉದ್ದಕ್ಕೂ ಕಲ್ಲಿನ ಚಪ್ಪಡಿ ಹಾಸಿದ್ದರು. ಕೋಲು ಕುಟ್ಟಿದರೆ ಚಪ್ಪಡಿ ಟೊಳ್ಳು ಸದ್ದು ಕೊಡುತ್ತಿತ್ತು. ನಾವೆಲ್ಲ ಆ ಸದ್ದನ್ನೇ ಹಿಡಿದು ನಡೆಯುತ್ತಿದ್ದೆವು. ಸುಮಿತ್ರಾಳಿಗೂ ಅಕ್ಕೋರು ಅದನ್ನೇ ಹೇಳಿಕೊಟ್ಟರು. "ಟೊಳ್ಳ ಸದ್ದ ಕೇಳೂತನ ನೀ ಸರಿ ಅದಿ, ಬಾಳಾ." ಮರಾಠಿಯಲ್ಲಿ ಬಾಳಾ ಅಂದರೆ ಮಗೂ. ಆ ಹುಡುಗಿ ನಮ್ಮೆಲ್ಲರಿಗಿಂತ ಚುರುಕಾಗಿ ಕಲಿತಳು. ಬಸ್ಸಿನ ಎಂಜಿನ್ ಸದ್ದಿನ ಮೇಲೆ ಡ್ರೈವರ್ ಯಾರೆಂದು ಹೇಳುತ್ತಿದ್ದಳು. ನಾನು ಕೋಲು ಕುಟ್ಟುವುದನ್ನು ಕೇಳಿ, ಸರ್ ನೀವು ಬಾಗಿಲು ಬಡಿಯುವವರ ಹಾಗೆ ನಡೆಯುತ್ತೀರಿ ಎಂದು ಚಾಷ್ಟಿ ಮಾಡುತ್ತಿದ್ದಳು.

ಆಷಾಢದ ಒಂದು ಮುಂಜಾನೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಪ್ರತಿ ಮಳೆಗಾಲದಲ್ಲಿ ಆಗುವಂತೆ ಚಪ್ಪಡಿಗಳ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು ನಿಂತಿತ್ತು. ಹಿಂದಿನ ದಿನ ಸಂಜೆ ಗಟಾರ ತೆರವು ಮಾಡಲು ಬಂದವರು ಎರಡು ಚಪ್ಪಡಿ ಎತ್ತಿ ಪಕ್ಕಕ್ಕಿಟ್ಟು ಹಾಗೆಯೇ ಹೋಗಿದ್ದರು. ಗುರುತಿಗೆಂದು ಒಂದು ಟೊಂಗೆಯನ್ನೂ ನೆಟ್ಟಿರಲಿಲ್ಲ. ನೀರು ಎಲ್ಲವನ್ನೂ ಒಂದೇ ಮಟ್ಟ ಮಾಡಿತ್ತು. ನೀರಿನಲ್ಲಿ ಕೋಲಿನ ಸದ್ದು ಕೇಳುವುದಿಲ್ಲ. ಎದುರಿನ ಚಹಾದಂಗಡಿಯವನು ಆಮೇಲೆ ಹೇಳಿದ ಪ್ರಕಾರ, ಸುಮಿತ್ರಾ ಒಬ್ಬಳೇ ಅಲ್ಲಿಗೆ ಬಂದು ನಿಂತಳು. ಕೋಲನ್ನು ಎರಡು ಸಲ ನೀರಿಗೆ ಅದ್ದಿದಳು. ಒಂದು ಕ್ಷಣ ಯೋಚಿಸುವವಳಂತೆ ತಲೆ ವಾಲಿಸಿದಳು. ಅವನು ಕೂಗಿದ. ಅಷ್ಟರಲ್ಲಿ ಕಾಲು ಇಟ್ಟಿದ್ದಳು.

ಗಟಾರ ಹೊಲಗಳ ಕಡೆ ತೆರೆದುಕೊಳ್ಳುವಲ್ಲಿ ಮಧ್ಯಾಹ್ನ ಸಿಕ್ಕಳು.

ಹನ್ನೊಂದನೆಯ ದಿನ ಅವಳ ತಂದೆ ಸೆಂಟರಿಗೆ ಬಂದರು. ನಾನೂ ಖಾನಾಪುರದಿಂದ ಬಂದಿದ್ದೆ. ಒಳಗೆ ಬರ್ರಿ ಅಂದರೂ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು. ಮಗ್ಗಗಳು ಬಡಿದುಕೊಳ್ಳುತ್ತಿದ್ದವು.

"ಅಕ್ಕೋರ, ಆ ಕಲ್ಲಿನ ಮ್ಯಾಲ ನಡಿ ಅಂತ ಆಕಿಗೆ ಹೇಳಿದವ್ರು ನೀವ ಹೌದಲ್ರಿ?"

"ಹೌದ್ರಿ."

"ರೋಡಿನ ಮ್ಯಾಲ ನಡದಿದ್ರ?"

ರಸ್ತೆಯ ಮೇಲೆ ನಡೆದಿದ್ದರೆ ಯಾವುದಾದರೂ ಗಾಡಿ ಹೊಡೆಯುತ್ತಿತ್ತು, ಬೇರೆ ದಾರಿಯೇ ಇರಲಿಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ.

"ನಾ ನಿಮ್ಮನ್ನ ಕೇಳಲಿಲ್ಲ, ಸರ್" ಅಂದರು.

ಮಗಳ ಕೋಲನ್ನು ಮೆಟ್ಟಿಲ ಮೇಲಿಟ್ಟು ಎದ್ದು ಹೋದರು. ಮೊಪೆಡ್ ಶುರುವಾಗಲು ನಾಲ್ಕೈದು ಸಲ ಒದೆಯಬೇಕಾಯಿತು. ಆ ತಂದೆ ಕೂಗಾಡಿದ್ದರೆ, ಹೊಡೆದಿದ್ದರೂ, ಅಕ್ಕೋರು ಬದುಕಿಕೊಳ್ಳುತ್ತಿದ್ದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ವಿಚಾರಣೆ ಅಂತ ಒಂದು ನಡೆಯಿತು. ಸಂಬಂಧಪಟ್ಟ ಕಚೇರಿಯವರು ಬರೆದ ವರದಿಯಲ್ಲಿ, ಮೃತಳು ಅಂಧಳಾಗಿದ್ದು ಜೊತೆಗಾರರಿಲ್ಲದೆ ಸಂಚರಿಸುತ್ತಿದ್ದುದೇ ಅವಘಡಕ್ಕೆ ಕಾರಣ ಎಂಬ ಒಂದು ಸಾಲಿತ್ತು. ಚಪ್ಪಡಿ ಎತ್ತಿದ ಮಾತು ಎಲ್ಲೂ ಇರಲಿಲ್ಲ. ಅಕ್ಕೋರಿಗೆ ಪರಿಹಾರ ಬೇಕಿರಲಿಲ್ಲ, ಯಾರಿಗೂ ಶಿಕ್ಷೆಯಾಗಬೇಕೆಂದೂ ಕೇಳಲಿಲ್ಲ. ಆ ಒಂದು ಸಾಲು ತೆಗೆದು, ಎರಡು ಚಪ್ಪಡಿ ಎತ್ತಿದ್ದರು ಎಂದು ಬರೆಯಿರಿ ಎಂದು ಕೇಳಲು ಎಂಟು ತಿಂಗಳು ಆ ಕಚೇರಿಗೆ ತಿರುಗಿದರು. ಒಂದು ದಿನ ಅಲ್ಲಿಯ ಗುಮಾಸ್ತ ಬಹಳ ಮರ್ಯಾದೆಯಿಂದ, ಕುರ್ಚಿ ಕೊಟ್ಟು ಕೂಡಿಸಿ, ಕಣ್ಣಿದ್ದವರು ಯಾರಾದರೂ ಅದರಲ್ಲಿ ಬಿದ್ದರೇನು ಅಕ್ಕೋರೇ ಎಂದು ಕೇಳಿದನಂತೆ. ಅಂದಿನಿಂದ ಹೋಗುವುದನ್ನು ಬಿಟ್ಟರು.

ಆಮೇಲೆ ಫೋನುಗಳು ಶುರುವಾದವು. ಮುಂಜಾನೆ ಐದೂವರೆಗೆ ಎದ್ದು ತಮ್ಮ ವಿದ್ಯಾರ್ಥಿಗಳು ನಡೆಯುವ ದಾರಿಗಳನ್ನೆಲ್ಲ ಅವರೇ ನಡೆದು ನೋಡುತ್ತಿದ್ದರು. ಏಳು ಗಂಟೆಯಿಂದ ಒಬ್ಬೊಬ್ಬರಿಗೆ ಫೋನು, ಖಾನಾಪುರದಲ್ಲಿದ್ದ ನನಗೂ. ಇಂದು ಹೈಸ್ಕೂಲಿನ ಮುಂದೆ ಮರಳು ಹಾಕಿದ್ದಾರೆ, ಬಲಕ್ಕೆ ಸರಿದು ಹೋಗ್ರಿ. ಆ ಕಂಬ ಕಿತ್ತಿದ್ದಾರೆ, ಎಣಿಸಬೇಡ್ರಿ. ಮೂಲೆಯ ಮಗ್ಗ ನಿಂತಿದೆ, ಆ ಸದ್ದು ಇನ್ನು ಸಿಗುವುದಿಲ್ಲ. ಮೊದಮೊದಲು ನಮಗೆ ಇದರಿಂದ ಉಪಕಾರವೇ ಆಯಿತು. ಆದರೆ ಆ ವರ್ಷ ಇಡೀ ಪಟ್ಟಣವನ್ನು ಅಗೆಯುತ್ತಿದ್ದರು. ನೀರಿನ ಪೈಪಿಗೆ ಅಗೆದದ್ದನ್ನು ಮುಚ್ಚಿ, ಕೇಬಲ್ಲಿಗೆಂದು ಮತ್ತೆ ಅಗೆದರು. ಮುಂಜಾನೆ ಅಕ್ಕೋರು ನೋಡಿ ಬಂದ ದಾರಿ ಹತ್ತು ಗಂಟೆಗೆ ಬೇರೆಯಾಗಿರುತ್ತಿತ್ತು. ಕಾಲು ಊದಿಕೊಂಡರೂ ಬಿಡಲಿಲ್ಲ. ಫೋನಿನ ಮಾತು ದಿನದಿನಕ್ಕೆ ಉದ್ದವಾಯಿತು, ಕೊನೆಕೊನೆಗೆ ಒಂದೇ ಮಾತಾಯಿತು: ಇವತ್ತು ಹೊರಗ ಹೋಗಬ್ಯಾಡ್ರಿ.

ಒಬ್ಬೊಬ್ಬರೇ ಮನೆ ಹಿಡಿದರು. ಮಾಸಿಕ ಪಾಸು ಹಿಡಿದು ಓಡಾಡುತ್ತಿದ್ದವರು ಪಾಸು ತೆಗೆಸುವುದನ್ನು ಬಿಟ್ಟರು. ಹೊಸಬರು ಬರಲಿಲ್ಲ. ಸೆಂಟರಿಗೆ ಬೀಗ ಬಿತ್ತು.

ಒಂದು ಶನಿವಾರ ಅವರು ಹೇಳದೆ ಕೇಳದೆ ಖಾನಾಪುರಕ್ಕೆ ಬಂದರು. ನನ್ನ ಮನೆಯಿಂದ ಶಾಲೆಯ ತನಕ ಹೋಗಿ ನೋಡಿ ಬಂದು ಪಡಸಾಲೆಯಲ್ಲಿ ಕೂತರು. ಅಷ್ಟರಲ್ಲಿ ನಮ್ಮೂರಲ್ಲೂ ಗಿರಣಿ ಜಾಗ ಬದಲಿಸಿತ್ತು, ರಸ್ತೆ ಅಗಲ ಮಾಡಲು ಹುಣಸೆಮರ ಕಡಿದಿದ್ದರು. ನಾನು ಯಾರ ಸಹಾಯವಿಲ್ಲದೆ ಹೊಸ ಗುರುತು ಮಾಡಿಕೊಂಡು ನಡೆಯುತ್ತಿದ್ದೆ, ಅದನ್ನು ಅವರಿಗೆ ಹೇಳಿಕೊಳ್ಳಬೇಕೆಂದು ಉತ್ಸಾಹದಲ್ಲಿದ್ದೆ. ಅವರು ನೀರನ್ನೂ ಮುಟ್ಟದೆ, "ಸೋಮವಾರದಿಂದ ಒಬ್ಬರ ಹೋಗಬ್ಯಾಡ್ರಿ, ಸರ್. ಅಕ್ಕಾರ ಕೈ ಹಿಡಕೊಂಡ ಹೋಗ್ರಿ" ಅಂದರು. ಅಕ್ಕಾರು ಅಂದರೆ ನನ್ನ ಹೆಂಡತಿ.

ಯಾಕೆ ಎಂದು ಕೇಳಿದೆ.

"ನಾ ನಿಮಗ ಊರ ಕಲಿಸಿದ್ದೆ. ನಾ ಕಲಿಸಿದ ಊರ ಈಗ ಇಲ್ಲ. ದಿನಾ ಬೆಳಗಾದ್ರ ಬ್ಯಾರೆ ಊರ ಇರತೈತಿ."

"ಹಂಗಾದ್ರ ಮತ್ತ ಕಲಸ್ರಿ."

"ನನಗ ಗೊತ್ತಿದ್ರ ಕಲಸಬೇಕಲ್ರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಂತೆಯಲ್ಲಿ ನನ್ನನ್ನು ಬಿಟ್ಟು ಹೋದ ಹೆಂಗಸು ಇವರಲ್ಲ ಅನ್ನಿಸಿತು. ಬಾಯಿಗೆ ಬರಬಾರದ ಮಾತು ಬಂತು. "ನಿಮ್ಮಣ್ಣನ್ನ ಕೂಡಿಸಿದಂಗ ನಮ್ಮನ್ನೂ ಮೂಲ್ಯಾಗ ಕೂಡಸ್ತೀರೇನು?" ಅಂದೆ.

ಚೀಲ ಎತ್ತಿಕೊಂಡ ಸದ್ದಾಯಿತು. ಚಪ್ಪಲಿ ಚಟ್ ಸರ್, ಚಟ್ ಸರ್ ಅನ್ನುತ್ತ ಓಣಿಯ ಕೊನೆಯ ತನಕ ಕೇಳಿಸಿತು. ಹೆಂಡತಿ ಹಿಂದೆ ಓಡಿದಳು, ಅವರು ನಿಲ್ಲಲಿಲ್ಲವಂತೆ.

ಮರುದಿನ ಏಳು ಗಂಟೆಗೆ ಎಂದಿನಂತೆ ಫೋನ್ ಬಂತು. ನಾನು ಎತ್ತಲಿಲ್ಲ. ಎಷ್ಟೋ ದಿನ ಹಾಗೆಯೇ ಏಳಕ್ಕೆ ಅದು ಬಾರಿಸಿ ನಿಲ್ಲುತ್ತಿತ್ತು. ಆಮೇಲೆ ಒಂದು ದಿನದಿಂದ ಬರಲಿಲ್ಲ. ಆಗ ನನಗೆ ಆದದ್ದು ಸಮಾಧಾನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಒಂದು ವರ್ಷದ ಮೇಲೆ ಅವರ ತಂಗಿಯ ಮಗಳು ಫೋನ್ ಮಾಡಿ, ಮೌಶಿ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ, ನೀವಾದರೂ ಬಂದು ಹೇಳಿರಿ ಅಂದಳು. ಹೆಂಡತಿಯ ಜೊತೆ ಖಾಸಬಾಗದ ಅವರ ಮನೆಗೆ ಹೋದೆ. ಮಿಶ್ರಿಯ ವಾಸನೆ ಇರಲಿಲ್ಲ. ಮೈ ಹೇಗಿದೆ ಎಂದರೆ ಚೆನ್ನಾಗಿದೆ ಅಂದರು, ಊಟ ಮಾಡಿದಿರಾ ಎಂದರೆ ಮಾಡಿದೆ ಅಂದರು. ಕೊನೆಗೆ ನಾನು, ಮೂಲೆಯ ತನಕ ನನ್ನ ಜೊತೆ ಬರಬೇಕು ಎಂದು ಎದ್ದು ನಿಂತೆ. ಬಹಳ ಒತ್ತಾಯದ ಮೇಲೆ ಬಂದರು. ಮೊದಲು ನಾನು ಅವರ ಮೊಣಕೈ ಹಿಡಿದು ನಡೆಯುತ್ತಿದ್ದೆ. ಅಂದು ಅವರು ನನ್ನ ಮೊಣಕೈ ಹಿಡಿದರು. ಅವರ ಹೆಜ್ಜೆಯ ಸದ್ದು ನನಗೆ ಗುರುತೇ ಸಿಗಲಿಲ್ಲ. ಪಾದವನ್ನು ಎತ್ತುತ್ತಲೇ ಇರಲಿಲ್ಲ. ನೆಲಕ್ಕೆ ಒತ್ತಿ ಮುಂದೆ ಜಾರಿಸಿ, ಅಲ್ಲಿ ಗಟ್ಟಿ ನೆಲವಿದೆಯೆಂದು ಖಾತ್ರಿಯಾದ ಮೇಲೆ ಭಾರ ಬಿಡುತ್ತಿದ್ದರು. ಕಣ್ಣು ಹೋದ ಮೊದಲ ವಾರ ನಾನು ಹಾಗೆ ನಡೆದಿದ್ದೆ.

ಮೂಲೆಗೆ ಇನ್ನೂ ಹತ್ತು ಹೆಜ್ಜೆ ಇರುವಾಗ ನಿಂತರು.

"ಮುಂದ ಏನೈತಿ, ಸರ್?"

"ನನಗ ಹ್ಯಾಂಗ ಗೊತ್ತಾಗಬೇಕ್ರಿ? ನೀವ ನೋಡ್ರಿ."

"ರೋಡ ಕಾಣತೈತಿ" ಅಂದರು. ಸ್ವಲ್ಪ ತಡೆದು, "ಕಾಣತೈತ್ರಿ. ನಂಬಿಕಿ ಬರವಲ್ದು" ಅಂದರು.

ಅಲ್ಲಿಂದಲೇ ತಿರುಗಿದೆವು. ಅಣ್ಣನ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾಕ್ಯ ಜೋಡಿಸಿದೆ. ಬಾಗಿಲು ಬಂತು. ಸಂಭಾಳಿಸಿ ಹೋಗ್ರಿ ಎಂದು ಅವರು ಒಳಗೆ ಹೋದರು. ಆ ವಾಕ್ಯ ನನ್ನಲ್ಲೇ ಉಳಿಯಿತು.

ತೀರಿಕೊಂಡಾಗ ಸುದ್ದಿ ನಮಗೆ ಒಂದು ದಿನ ತಡವಾಗಿ ಮುಟ್ಟಿತು. ವಿಶೇಷ ಕಾಯಿಲೆ ಏನಿರಲಿಲ್ಲ, ತಿನ್ನುವುದು ಕಡಿಮೆಯಾಗಿ, ಮಲಗಿದವರು ಏಳಲಿಲ್ಲ ಎಂದು ತಂಗಿಯ ಮಗಳು ಹೇಳಿದಳು. ಅವರ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅಂತ್ಯಕ್ರಿಯೆಗೆ ಬಂದಿರಲಿಲ್ಲವಂತೆ. ಕರೆದುಕೊಂಡು ಬರುವವರು ಯಾರೂ ಸಿಕ್ಕಿರಲಿಕ್ಕಿಲ್ಲ. ಸುಮಿತ್ರಾಳ ತಂದೆ ಬಂದಿದ್ದರಂತೆ. ದೂರದಲ್ಲಿ, ಮೊಪೆಡ್ಡಿನ ಪಕ್ಕ ನಿಂತಿದ್ದು, ಹೆಣ ಎತ್ತಿದ ಮೇಲೆ ಹೋದರಂತೆ.

ನಾನೂ ಈಗ ಒಬ್ಬನೇ ಹೋಗುವುದಿಲ್ಲ. ಶಿವರಾತ್ರಿಯ ಆಸುಪಾಸು ರಸ್ತೆಗೆಂದು ಸುರಿದ ಕಲ್ಲುಕಡಿಯ ರಾಶಿಗೆ ಎಡವಿ ಮುಂಗೈ ಮುರಿಯಿತು. ಎಲುಬು ಕೂಡಿದೆ. ಆದರೆ ಶಾಲೆಗೆ ಹೆಂಡತಿಯೇ ಬಿಟ್ಟು ಬರುತ್ತಾಳೆ, ಸಂಜೆ ಅವಳೇ ಕರೆತರುತ್ತಾಳೆ. ಒಂದು ದಿನ ಅವಳು ಕೈ ಚಾಚಿದಳು, ನಾನು ಹಿಡಿದುಕೊಂಡೆ.

ಕಳೆದ ತಿಂಗಳು ಜಾಂಬೋಟಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಸಕ್ಕರೆ ಕಾಯಿಲೆಯಿಂದ ಗಂಡನ ಕಣ್ಣು ಹೋಗಿವೆ, ವಯಸ್ಸು ಮೂವತ್ತೆಂಟು, ಖಾಸಬಾಗದಲ್ಲಿ ಕಣ್ಣಿಲ್ಲದವರಿಗೆ ನಡೆಯಲು ಕಲಿಸುವ ಅಕ್ಕೋರು ಒಬ್ಬರು ಇದ್ದಾರಂತೆ, ನಿಮಗೆ ಗೊತ್ತಂತೆ ಅಂದಳು. ಅವರು ಈಗ ಇಲ್ಲ ಅಂದೆ. ಹಾಗಾದರೆ ಕಲಿತವರು ನೀವೇ ನಾಲ್ಕು ದಿನ ಹೇಳಿಕೊಡಿರಿ ಅಂದಳು. ಗಂಡ ಸುಮ್ಮನೆ ಕೂಡುವವನಲ್ಲವಂತೆ. ಬೇಲಿ ಹಿಡಿದು ಒಬ್ಬನೇ ಹೊರಡುತ್ತಾನೆ, ಗದ್ದೆಯಲ್ಲಿ ಬೀಳುತ್ತಾನೆ, ಎದ್ದು ಮತ್ತೆ ಹೊರಡುತ್ತಾನೆ. ನಿನ್ನೆ ಬಾವಿಯ ತನಕ ಹೋಗಿ ಬಂದನೆಂದು ಹೇಳುವಾಗ ಅವಳ ದನಿಯಲ್ಲಿ ಹೆದರಿಕೆಯ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಅವನಿಗೆ ಏನು ಹೇಳಿಕೊಡಬೇಕೆಂಬುದು ನನಗೆ ಅಕ್ಷರ ಅಕ್ಷರ ಗೊತ್ತಿತ್ತು. ಬಿಸಿಲು, ಗಾಳಿ, ಹೆಜ್ಜೆಯ ಸದ್ದು, ಎಲ್ಲವೂ.

"ಹೊರಗ ಬಿಡಬ್ಯಾಡ್ರಿ ಅವ್ರನ್ನ" ಅಂದೆ.

"ಎಲ್ಲಾರೂ ಹಂಗ ಅಂತಾರ್ರಿ" ಅಂದಳು. "ಕಣ್ಣಿಲ್ಲದವ್ರು ನೀವೂ ಹಂಗ ಅಂತೀರಿ ಅಂದ್ಕೊಂಡಿರಲಿಲ್ಲ."

ಅವಳ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ತಿರುಗಿ ಮಾಡಿಲ್ಲ.